ಅಡಿಟಿಪ್ಪಣಿ ಮೇಷ್ಟ್ರು

ನಡೆಯುವಾಗ ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಷ್ಟು ಕೆಳಗಿರುತ್ತಿತ್ತು. ಮೂವತ್ತು ವರ್ಷ ಒಂದೇ ಕೈಯಲ್ಲಿ ಪುಸ್ತಕದ ಚೀಲ ಹೊತ್ತುದರ ಫಲ ಅದು ಎಂದು ಅವರು ಹೇಳಿದರೆ, ಬೂದುಬಣ್ಣದ ಕೋಟಿನ ಎಡಜೇಬಿಗೆ ತುರುಕಿಕೊಂಡ ಚೀಟಿಗಳ ಭಾರ ಎಂದು ವಿದ್ಯಾರ್ಥಿಗಳು ಹೇಳುತ್ತಿದ್ದರು. ಬಿರುಬೇಸಿಗೆಯಲ್ಲೂ ಆ ಕೋಟು ಅವರ ಮೈಬಿಟ್ಟದ್ದನ್ನು ಕಂಡವರಿಲ್ಲ. ಊಟದ ಮೇಜಿನಲ್ಲಿ ಯಾರಾದರೂ ಹೋದ ವರ್ಷ ಇಷ್ಟು ಸೆಕೆ ಇರಲಿಲ್ಲ ಎಂದರೂ ಸಾಕು, ಕನ್ನಡಕದ ಮೇಲಿಂದ ನೋಡಿ, "ಎಲ್ಲಿ ಬರ್ದಿದೆ ಅದು?" ಎನ್ನುವರು. ಹೀಗಾಗಿ ನಮ್ಮ ಇತಿಹಾಸ ವಿಭಾಗದಲ್ಲಿ ಅವರಿಗೆ ಅಡಿಟಿಪ್ಪಣಿ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡು, ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

ಇತಿಹಾಸವನ್ನು ಮುಖ್ಯ ವಿಷಯವಾಗಿ ಓದಿದವರು ಪದವಿಗೆ ಅರ್ಹರೋ ಅಲ್ಲವೋ ಎಂಬುದನ್ನು ನಿರ್ಧರಿಸುವ ಹೊಣೆ ಅವರದು. ಹತ್ತು ಪತ್ರಿಕೆಗಳು ಮುಗಿದಿರಬೇಕು, ಅವುಗಳಲ್ಲಿ ಎರಡಾದರೂ ಪ್ರಾಚೀನ ಕಾಲಕ್ಕೆ ಸಂಬಂಧಿಸಿದವು. ತಾಯ್ನುಡಿಯಲ್ಲದ ಭಾಷೆಯ ದಾಖಲೆಯೊಂದನ್ನು ಓದಿ ಅರ್ಥ ಹೇಳಬೇಕು. ಕಟ್ಟಕಡೆಗೆ ಮೂಲ ಆಕರಗಳನ್ನೇ ಆಧರಿಸಿದ ನಲವತ್ತು ಪುಟದ ಪ್ರಬಂಧ. ಕುಲಪತಿಗಳ ಸೋದರಳಿಯ ಅರ್ಧ ಪುಟ ನಕಲು ಮಾಡಿದ್ದಕ್ಕೆ ಅವನನ್ನು ಪದವಿ ಕೊಡದೆ ಇಡೀ ವರ್ಷ ಕೂರಿಸಿದ್ದರು. ಭಾಷೆಯ ಪರೀಕ್ಷೆಯಲ್ಲಿ ಮೂರು ಸಲ ಮುಗ್ಗರಿಸಿದವನಿಗೆ, ಯಾರೂ ಹೇಳದೆಯೇ, ಬೆಳಿಗ್ಗೆ ಏಳಕ್ಕೆ ಬಂದು ಮೂರು ತಿಂಗಳು ಪಾಠ ಹೇಳಿದವರೂ ಅವರೇ.

ಮುಚ್ಚಿಹೋದ ನೂಲಿನ ಗಿರಣಿಯ ಕೆಲಸಗಾರರ ಕೇರಿಯಿಂದ ಬಂದ ಹುಡುಗಿಯೊಬ್ಬಳಿದ್ದಳು. ಉಳಿದದ್ದೆಲ್ಲ ಪೂರೈಸಿ, ಪ್ರಬಂಧವೊಂದೇ ಬಾಕಿ. ಗಿರಣಿ ಮುಚ್ಚುವ ಮುಂಚೆ ಹೆಂಗಸರು ನಲವತ್ತು ದಿನ ಬಾಗಿಲಿಗೆ ಅಡ್ಡ ಕೂತ ಕಥೆಯನ್ನು ಅವಳು ಆರಿಸಿಕೊಂಡಳು. ಕಚೇರಿಯ ಕಾಗದಗಳನ್ನು ಮಾಲೀಕರು ಎಂದೋ ಸುಟ್ಟಿದ್ದರಿಂದ, ತನ್ನಜ್ಜಿಯೂ ಸೇರಿ ಹನ್ನೊಂದು ಮುದುಕಿಯರ ಅಡುಗೆಮನೆಗಳಲ್ಲಿ ಕೂತು ಕೇಳಿ ಬರೆದಿದ್ದಳು. ಅದನ್ನು ಅವಳು ಮೇಷ್ಟ್ರ ಮುಂದಿಟ್ಟ ದಿನ, ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಅದೇ ಕೋಣೆಯಲ್ಲಿದ್ದೆ.

"ಚೆನ್ನಾಗಿ ಬರ್ದಿದೀಯಮ್ಮ. ಆದ್ರೆ ಇದು ಬಾಯ್ಮಾತು, ಆಕರ ಅಲ್ಲ," ಎಂದರು ಮೇಷ್ಟ್ರು.

"ಇವರೆಲ್ಲ ಅಲ್ಲೇ ಇದ್ದವರು ಸರ್."

"ಇರಬಹುದು. ಬೇರೆ ವಿಷಯ ತಗೋ, ಆರು ತಿಂಗಳು ಕೊಡ್ತೀನಿ."

"ಹಾಗೆ ಮಾಡಿದ್ರೆ ನಮ್ಮಜ್ಜಿ ಸುಳ್ಳು ಹೇಳಿದಾರೆ ಅಂತ ನಾನೇ ಒಪ್ಕೊಂಡಂಗಾಗುತ್ತೆ," ಎಂದು ಪ್ರಬಂಧವನ್ನು ಮೇಜಿನ ಮೇಲೇ ಬಿಟ್ಟು ಎದ್ದುಹೋದವಳು ಮತ್ತೆ ವಿಭಾಗದ ಮೆಟ್ಟಿಲು ಹತ್ತಲಿಲ್ಲ. ನಾನೊಂದು ಮಾತು ಆಡಬಹುದಿತ್ತು. ತಲೆಯೆತ್ತದೆ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಹನ್ನೆರಡು ವರ್ಷಗಳ ಬಳಿಕ, ನಿವೃತ್ತಿ ಹತ್ತಿರವಾದಾಗ, ಮೇಷ್ಟ್ರು ನಗರದ ದುಡಿಯುವವರ ಚರಿತ್ರೆ ಬರೆಯಲು ಕೂತರು. ಗಿರಣಿಯ ಬಗ್ಗೆ ಯಾವ ದಾಖಲೆಗೃಹದಲ್ಲೂ ಒಂದು ಹಾಳೆ ಸಿಗಲಿಲ್ಲ. ಮುದುಕಿಯರೆಲ್ಲ ತೀರಿಕೊಂಡಿದ್ದರು. ಆಗ ಅವರಿಗೆ ಆ ಪ್ರಬಂಧ ನೆನಪಾಗಿ, ವಿಭಾಗದ ಬೀರುಗಳನ್ನೆಲ್ಲ ಎರಡು ದಿನ ಜಾಲಾಡಿದರು. ಮೂರನೆಯ ದಿನ ಗುಮಾಸ್ತ ಹಳೆಯ ಕಡತವೊಂದನ್ನು ತಂದು ತೆರೆದಿಟ್ಟ: 'ಪದವಿ ಪೂರೈಸದವರ ಪ್ರಬಂಧಗಳು, ರದ್ದಿಗೆ.' ಕೆಳಗೆ ಅವರದೇ ರುಜು. ಅದರ ಮೇಲೆ ಬೆರಳಿಟ್ಟವರು ಗಂಟೆ ಬಾರಿಸುವ ತನಕ ತೆಗೆಯಲಿಲ್ಲ.

ಅವಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದಾಳೆಂದು ಪತ್ತೆಮಾಡಿ ನನ್ನನ್ನೂ ಕರೆದುಕೊಂಡು ಹೋದರು. ಸಾಲಿನಲ್ಲೇ ನಿಂತರು.

"ಎಲ್ಲಿಗೆ?" ಎಂದು ಕೇಳಿ ಅವಳು ಮುಖವೆತ್ತಿದಳು, ಗುರುತು ಹತ್ತಿತು.

"ನಿನ್ನ ಪ್ರಬಂಧದ್ದು ಇನ್ನೊಂದು ಪ್ರತಿ ಇದ್ಯೇನಮ್ಮ?"

"ಇಲ್ಲ ಸರ್. ಕೈಲಿ ಬರ್ದಿದ್ದು, ಅದೊಂದೇ. ನಿಮ್ಮ ಹತ್ರ ಆದ್ರೆ ಭದ್ರವಾಗಿರುತ್ತೆ ಅಂತ ಬಿಟ್ಟೆ."

"ನಾನೇ ರದ್ದಿಗೆ ಹಾಕಿಸ್ಬಿಟ್ಟೆ."

ಅವಳು ಬೈಯಲಿಲ್ಲ. ಗಾಜಿನಾಚೆಯಿಂದ, "ಹಿಂದೆ ಜನ ಕಾಯ್ತಿದಾರೆ ಸರ್, ಪಕ್ಕಕ್ಕೆ ನಿಲ್ತೀರಾ?" ಎಂದಳಷ್ಟೇ. ಅವಳ ಪಾಳಿ ಮುಗಿಯುವವರೆಗೆ, ಎರಡೂವರೆ ಗಂಟೆ, ಅವರು ಕಂಬಕ್ಕೊರಗಿ ನಿಂತರು. ಆಮೇಲೆ ಬೆಂಚಿನ ಮೇಲೆ ಕೂತು ಅವಳು ನೆನಪಾದಷ್ಟು ಹೇಳಿದಳು, ಅವರು ಬರೆದುಕೊಂಡರು. ಹನ್ನೊಂದು ಹೆಸರುಗಳಲ್ಲಿ ಏಳು ಸಿಕ್ಕವು.

ಕಣ್ಣಾರೆ ಕಂಡವರ ಬಾಯಿಂದ ಕೇಳಿ ಬರೆದದ್ದೂ ಆಕರವೇ ಎಂಬ ತಿದ್ದುಪಡಿಯನ್ನು ಅವರು ವಿಭಾಗದ ನಿಯಮಕ್ಕೆ ತಮ್ಮ ಕೊನೆಯ ಸಭೆಯಲ್ಲಿ ಹಟಹಿಡಿದು ಮಾಡಿಸಿದರು. ಹೊಸದಾಗಿ ಬರೆದುಕೊಟ್ಟರೆ ಪದವಿ ಸಿಗುತ್ತದೆಂಬ ಪತ್ರವನ್ನು ಖುದ್ದಾಗಿ ಒಯ್ದರೆ, ಅವಳು ಓದಿ ಮಡಚಿ ಹಿಂದಕ್ಕೆ ಕೊಟ್ಟಳು. "ಇನ್ನು ಯಾರನ್ನ ಕೇಳಿ ಬರೀಲಿ ಸರ್?"

ಪುಸ್ತಕ ಬಂತು. ಗಿರಣಿಗೆ ಅದರಲ್ಲಿ ಸಿಕ್ಕಿದ್ದು ನಾಲ್ಕೇ ಪುಟ. ಕೊನೆಯಲ್ಲಿ, 'ಇದಕ್ಕಿಂತ ಪೂರ್ಣವಾದ ವೃತ್ತಾಂತವೊಂದಿತ್ತು. ಅದನ್ನು ನಾಶಮಾಡಿಸಿದವನು ನಾನು' ಎಂದು ಬರೆದಿದ್ದರು. ತೆಗೆದುಬಿಡಿ ಎಂದು ಪ್ರಕಾಶಕರು ಎಷ್ಟು ಹೇಳಿದರೂ ಕೇಳಲಿಲ್ಲ.

ಇಂಥವರು ಎಲ್ಲ ವಿದ್ಯಾಲಯಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಇರಲೂಬೇಕು, ಇಲ್ಲದಿದ್ದರೆ ಪದವಿ ಎಂಬುದಕ್ಕೆ ಅರ್ಥವಿರದು. ಸ್ವಾರ್ಥಕ್ಕಾಗಿ ಅನ್ಯಾಯ ಮಾಡಿದವನನ್ನು ಲೋಕ ಬೈಯುತ್ತದೆ, ಬೈಸಿಕೊಂಡಷ್ಟು ಅವನ ಹೊರೆ ಇಳಿಯುತ್ತದೆ. ನಿಯಮದಂತೆ ನಡೆದು ತಪ್ಪಿದವರನ್ನು ಬೈಯಲು ಯಾರೂ ಮುಂದೆ ಬರುವುದಿಲ್ಲ. ಉಳಿದ ಆಯುಷ್ಯವೆಲ್ಲ ಆ ಕೆಲಸವನ್ನು ಅವರೇ ಮಾಡಿಕೊಳ್ಳಬೇಕಾಗುತ್ತದೆ.