ಗಾಳಿ ಎಷ್ಟಿದೆ ಎಂದು ಕೇಳಿದ್ದ

ಮಗ್ಗಿನ ತಳ ಬೆಂಚಿನ ಮೇಲೆ ಮತ್ತೆ ಒದ್ದೆ ಉಂಗುರ ಬಿಟ್ಟಿದೆ, ಶೋನಾ ಅದನ್ನು ತೋಳಿನಿಂದ ಒರೆಸುತ್ತಾಳೆ, ದೋಣಿ ಅಲುಗಿ ಮಗ್ಗು ಜಾರಿ ಪಕ್ಕದಲ್ಲೇ ಇನ್ನೊಂದು ಮೂಡುತ್ತದೆ, ಅದನ್ನೂ ಒರೆಸುತ್ತಾಳೆ, ಒರೆಸುವುದಾದರೂ ಒಂದು ಕೆಲಸ, ಕೈಗೆ ಕೆಲಸವಿದ್ದರೆ ಆ ಕಡೆ ನೋಡಬೇಕಾಗಿಲ್ಲ — ಟೀ ತಣ್ಣಗಾಗಿ ಮೇಲೆ ಪೊರೆ ಕಟ್ಟಿದೆ, ಕುಡಿ ಹುಡುಗಿ, ಬಿಸಿ ಇರುವಾಗಲೇ ಕುಡಿ, ಹೆಂಗೆ ನಡುಗ್ತಾ ಇದೀಯ ನೋಡು ಎಂದು ಊನಾ ಕೈಯಲ್ಲಿಟ್ಟು ಹೋದಳು, ದೋಣಿಯ ಒಡತಿ, ನೀರಿನಲ್ಲಿ ಉಳಿದವರನ್ನು ಹತ್ತಿಸಿಕೊಳ್ಳುವ ಗಡಿಬಿಡಿಯ ನಡುವೆಯೂ ಟೀ ಮಾಡಿದಳು, ಕೇಳದೆಯೇ ಸಕ್ಕರೆ ಹಾಕಿದ್ದಾಳೆ, ಹೆದರಿದವರಿಗೆ ಹಾಕುವಷ್ಟು, ಅದರ ಬದಲು ಕೆನ್ನೆಗೆ ಎರಡು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು, ಆದರೆ ಇಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ, ಟೀ ಕೊಡುತ್ತಾರೆ, ಕಂಬಳಿ ಹೊದಿಸುತ್ತಾರೆ, ಪಾಪ ಹೊಸಬಳು ಎನ್ನುತ್ತಾರೆ, ಪಾಪವಂತೆ — ಇಂಜಿನ್ನಿನ ಸದ್ದು ಹಲ್ಲಿನವರೆಗೂ ಬರುತ್ತಿದೆ, ಊನಾ ದೋಣಿಯನ್ನು ಇಷ್ಟು ಜೋರಾಗಿ ಯಾವತ್ತೂ ಓಡಿಸಿರಲಿಕ್ಕಿಲ್ಲ, ಓಬನ್ ಊರಿನ ದೋಣಿಕಟ್ಟೆಯಲ್ಲಿ ಆಂಬುಲೆನ್ಸ್ ಬಂದು ನಿಂತಿರುತ್ತದಂತೆ, ಅಲ್ಲಿಂದ ನೇರ ಒತ್ತಡದ ಕೋಣೆಗೆ, ಆಳದಿಂದ ಒಮ್ಮೆಲೇ ಮೇಲೆ ಬಂದ ಮುಳುಗುಗಾರರನ್ನು ಒಳಗೆ ಕೂರಿಸಿ ರಕ್ತದಲ್ಲಿ ಕಟ್ಟಿದ ಗಾಳಿಗುಳ್ಳೆ ಕರಗಿಸುವ ಕೋಣೆ, ಎಡಗಾಲು ನನ್ನದಲ್ಲ ಅನ್ನಿಸ್ತಿದೆ ಕಣೋ ಎಂದು ಅವಳ ಜೊತೆ ಇಳಿದಿದ್ದ ಮರ್ಡೊ ನಗುತ್ತಲೇ ಹೇಳಿದ, ಬೆರಳ ತುದಿಯೂ ಜುಮ್ ಅಂತಿದೆ, ನಗುತ್ತಲೇ, ಆಮೇಲೆ ನಗಲಿಲ್ಲ. ನೋಡಬಾರದು. ಕಿತ್ತಳೆ ಬಣ್ಣದ ಕಂಬಳಿ, ಅದರ ಕೊನೆಯಲ್ಲಿ ಎರಡು ಪಾದ, ಒಂದು ನೆಟ್ಟಗೆ, ಇನ್ನೊಂದು ಹೊರಗೆ ವಾಲಿ ಬಿದ್ದಿದೆ, ದೋಣಿ ಅಲುಗಿದ ಹಾಗೆಲ್ಲ ಅಲುಗುತ್ತದೆ, ತಲೆಯ ಬಳಿ ಅವನ ಹಳೆಯ ಗೆಳೆಯ ಲ್ಯಾಕ್ಲನ್ ಮಂಡಿಯೂರಿ ಆಮ್ಲಜನಕದ ಮುಖವಾಡ ಹಿಡಿದಿದ್ದಾನೆ, ಬೆಳಗ್ಗೆಯಿಂದ ಬಾಯಿ ಮುಚ್ಚದ ಲ್ಯಾಕ್ಲನ್.

ಬೆಳಗ್ಗೆ ಎಷ್ಟು ನಗು ಇತ್ತು, ಜಿನುಗು ಮಳೆ, ಬೇಕನ್ ಹುರಿಯುವ ವಾಸನೆ, ಊನಾ ಕೈ ತಟ್ಟಿ ಎಲ್ಲರನ್ನೂ ಕರೆದು, ಕೇಳಿಸ್ಕೊಳ್ರಪ್ಪಾ, ಇಲ್ಲಿ ಗೈಡು ಗೀಡು ಯಾರೂ ಇಲ್ಲ, ನಾನು ಬಸ್ ಡ್ರೈವರ್ ಇದ್ದ ಹಾಗೆ, ಇಳಿಸ್ತೀನಿ, ಹತ್ತಿಸ್ಕೋತೀನಿ, ಕೆಳಗೆ ಏನ್ ಮಾಡ್ತೀರೋ ನಿಮ್ ಜೊತೆಗಾರ ಉಂಟು ನೀವುಂಟು, ಆಮೇಲೆ ಒಂಟಿಯಾಗಿ ಬಂದವಳ ಕಡೆ ತಿರುಗಿ, ಶೋನಾ, ನಿನಗೆ ತಣ್ಣೀರಲ್ಲಿ ಇಳಿದು ಅಭ್ಯಾಸ ಇದೆ ತಾನೇ, ಒಂದು ಮಾತು, ಇಲ್ಲ ಎಂದಿದ್ದರೆ ಆಗಿತ್ತು, ಇಲ್ಲ ಊನಾ, ನಾನು ಇಳಿದದ್ದೆಲ್ಲ ಈಜಿಪ್ಟಿನಲ್ಲಿ, ರಜೆಯಲ್ಲಿ, ಸ್ನಾನದ ತೊಟ್ಟಿಯಂಥ ಬೆಚ್ಚಗಿನ ನೀರಿನಲ್ಲಿ, ಮಹ್ರೂಸ್ ಎಂಬ ಗೈಡಿನ ಹಿಂದೆ, ಬಾತುಕೋಳಿ ಮರಿಯಂತೆ, ಅವನೇ ನನ್ನ ಗಾಳಿ ಅಳೆಯುವ ಗೇಜು ಎಳೆದು ನೋಡುತ್ತಿದ್ದ, ಅವನೇ ಮೀನು ತೋರಿಸುತ್ತಿದ್ದ, ಅವನೇ ಸಾಕು ಮೇಲೆ ಹೋಗೋಣ ಎನ್ನುತ್ತಿದ್ದ, ನನಗೆ ನೋಡುವುದೊಂದೇ ಕೆಲಸ — ಆದರೆ ಬಾಯಲ್ಲಿ ಬಂದದ್ದು, ಓ, ಇದೆ, ಚೆನ್ನಾಗೇ ಇದೆ, ಯಾಕೆ ಬಂತು, ಕೂದಲು ಕತ್ತರಿಸುವ ಅಂಗಡಿಯ ಕೆಲಸದಲ್ಲಿ ನಿಂತು ನಿಂತು ಬಂದ ರೋಗ ಇದು, ಕತ್ತರಿಸಿ ಮುಗಿಸಿ ಹಿಂದೆ ಕನ್ನಡಿ ಹಿಡಿದು ಸರಿಯಾಯ್ತಾ ಎಂದು ಕೇಳುತ್ತಾಳಲ್ಲ ದಿನವೂ, ಒಬ್ಬರೂ ಇಲ್ಲ ಎನ್ನುವುದಿಲ್ಲ, ಬಹಳ ಚೆನ್ನಾಗಿದೆ ಎಂದು ನಕ್ಕು ಹೊರಗೆ ಹೋಗಿ ಕಾರಿನಲ್ಲಿ ಕೂತು ಅಳುತ್ತಾರೆ, ಅವಳು ಗಾಜಿನೊಳಗಿಂದ ನೋಡಿದ್ದಾಳೆ, ಇಲ್ಲಿಯವರಿಗೆ ಇಲ್ಲ ಎನ್ನಲು ಪ್ರಾಣ ಹೋಗುತ್ತದೆ, ಪ್ರಾಣ, ಥೂ, ಎಂಥ ಮಾತು ಬಂತು. ಹಾಗಾದ್ರೆ ಮರ್ಡೊ ಜೊತೆ ಹೋಗು, ಇವನಷ್ಟು ಈ ನೀರು ಕುಡಿದೋರು ಯಾರೂ ಇಲ್ಲ ಎಂದಳು ಊನಾ, ಲ್ಯಾಕ್ಲನ್ ಕಣ್ಣು ಮಿಟುಕಿಸಿ, ಹುಷಾರು ತಂಗಿ, ಹಲ್ಲಿನ ಡಾಕ್ಟ್ರು ಅವನು, ಅವನೆದುರು ಬಾಯಿ ತೆಗೀಬೇಡ, ಎಲ್ಲರೂ ನಕ್ಕರು, ಮರ್ಡೊ ಕೂಡ, ಬಿಳಿ ಹುಬ್ಬಿನ ಮುದುಕ, ಅರ್ಧ ಓಬನ್ನಿನ ಹಲ್ಲು ತುಂಬಿ ನಿವೃತ್ತನಾದವನು, ನಿಧಾನಕ್ಕೆ ಡಬ್ಬಿ ತೆರೆದು, ತಗೋ ಮಗಳೇ, ನನ್ನ ಹೆಂಡತಿ ಎಫಿ ಮಾಡಿದ್ದು, ಇನ್ನೊಂದು ತಗೋ, ಉಳಿಸ್ಕೊಂಡು ಹೋದ್ರೆ ನನ್ನನ್ನ ಮನೆಗೆ ಸೇರಿಸಲ್ಲ ಅವಳು — ದ್ರಾಕ್ಷಿ ಹಾಕಿದ ಬ್ರೆಡ್ಡು, ಮೇಲೆ ಬೆಣ್ಣೆ ದಪ್ಪಗೆ, ಶೋನಾ ಎರಡು ತುಂಡು ತಿಂದಳು, ಆ ಹೆಂಗಸಿನ ಕೈಯ ಬ್ರೆಡ್ಡು ಇನ್ನೂ ಹೊಟ್ಟೆಯಲ್ಲೇ ಇದೆ. ಹೊಸಬರನ್ನ ಕಟ್ಕೊಂಡು ಇಳೀಬೇಡ ಅಂತ ಎಫಿ ದಿನಾ ಹೇಳ್ತಾಳೆ, ಆದರೆ ನೀನು ಹೊಸಬಳಲ್ಲವಲ್ಲ ಎಂದ ಮರ್ಡೊ, ಆಗಲೂ, ಆಗಲಾದರೂ ಹೇಳಬಹುದಿತ್ತು.

ಆಮೇಲೆ ಅವನು ಇನ್ನೇನೋ ಹೇಳಿದ, ಅವಳು ನೀರು ಒಳಬಾರದ ಡ್ರೈಸೂಟಿನ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದಳು, ನೀನೇ ಮುಂದೆ ನಡಿ ಮಗಳೇ, ನಾನು ನಿನ್ನ ಎಡಭುಜದ ಹತ್ತಿರ ಇರ್ತೀನಿ, ನಿನ್ನಿಷ್ಟ ಬಂದ ಕಡೆ ಹೋಗು, ಅವಳು ಆಯ್ತಾಯ್ತು ಎಂದು ತಲೆಯಾಡಿಸಿದಳು, ಇಲ್ಲಿಯ ಪದ್ಧತಿ ಅದು ಎಂದು ಈಗ ಗೊತ್ತು, ಕಮ್ಮಿ ಇಳಿದವರನ್ನು ಮುಂದೆ ಬಿಟ್ಟು ಹಳಬರು ಹಿಂದೆ ಕಾಯುತ್ತಾ ಬರುವುದು, ಮರ್ಯಾದೆ ಅದು, ಅವಳಿಗೆ ಮಾತ್ರ ಹಳಬನೆಂದರೆ ಗೈಡೇ, ಹಸಿರು ಕತ್ತಲೆ, ಚಳಿ ತುಟಿಯನ್ನು ಕಚ್ಚಿ ಹಿಡಿದಿತ್ತು, ಗುರುತಿನ ಹಗ್ಗ ಹಿಡಿದು ಇಳಿದಾಗ ಕೆಳಗೆ ಮುಳುಗಿದ ಹಡಗಿನ ಬೆನ್ನು, ಮೈತುಂಬಾ ಬಿಳಿ ಕಿತ್ತಳೆ ಹೂವಿನಂಥ ಜೀವಗಳು, ಎಷ್ಟು ಚಂದ ಇತ್ತು, ಆ ಚಂದ ನೆನಪಾಗುವುದಕ್ಕೂ ನಾಚಿಕೆ — ಅವಳು ಎಡಕ್ಕೆ ತಿರುಗಿ ಮರ್ಡೊನ ಮುಖ ನೋಡುತ್ತಾಳೆ, ಎತ್ತ ಹೋಗೋಣ ಎಂದು, ಅವಳಿಗೆ ಎಡಕ್ಕೆ ಹೋಗಬೇಕೆಂದಿದೆ ಎಂದುಕೊಂಡು ಅವನು ಎಡಕ್ಕೆ ಹೊರಡುತ್ತಾನೆ, ಅವನು ಹೊರಟನಲ್ಲ ಎಂದು ಅವಳು ಹಿಂದೆಯೇ, ಮತ್ತೆ ನೋಡುತ್ತಾಳೆ, ಮತ್ತೆ ಅವನು ತಿರುಗುತ್ತಾನೆ, ಬಾಗಿಲಲ್ಲಿ ನೀವು ಮೊದಲು ನೀವು ಮೊದಲು ಎಂದು ನಿಂತವರ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ಹಿಂಬಾಲಿಸಿಕೊಂಡು ಹಡಗು ದಾಟಿ ಹೋದರು, ಹಗ್ಗ ಎಲ್ಲೋ ಹಿಂದೆ ಉಳಿಯಿತು, ಕೆಳಗೆ ಬರೀ ಮರಳು, ಇವನು ಏನೋ ವಿಶೇಷ ತೋರಿಸಲು ಕರೆದೊಯ್ಯುತ್ತಿದ್ದಾನೆ ಎಂದುಕೊಂಡಳು, ದಡ್ಡಿ. ಆಗ ಅವನು ನಿಂತ. ಎದುರಿಗೆ ಬಂದು, ಎಡ ಅಂಗೈ ಚಾಚಿ ಬಲಗೈಯ ಎರಡು ಬೆರಳಿನಿಂದ ಅದರ ಮೇಲೆ ತಟ್ಟಿದ, ಗಾಳಿ ಎಷ್ಟಿದೆ, ಸ್ಪಷ್ಟವಾಗಿ, ಮಗುವಿಗೆ ಕೇಳುವ ಹಾಗೆ, ಕೇಳಿದ್ದ, ಕೇಳಿದ್ದ. ಅವಳು ಇಳಿದಾಗಿನಿಂದ ಮೊದಲ ಸಲ ಗೇಜು ನೋಡಿದಳು, ಮುಳ್ಳು ಕೆಂಪಿನೊಳಗೆ ಹೋಗಿತ್ತು. ಹೆದರಿದವರು ಗಾಳಿಯನ್ನು ಗಬಗಬನೆ ಕುಡಿಯುತ್ತಾರಂತೆ, ಅವನದು ಇನ್ನೂ ಅರ್ಧಕ್ಕೂ ಮೇಲೆ, ಅವನಿಗೆ ಏನು ತೋರಿಸಲಿ, ಚೆನ್ನಾಗೇ ಇದೆ ಎಂದವಳು, ಅವನ ಶನಿವಾರದ ಸುಖವನ್ನು ಹಾಳು ಮಾಡಿದವಳು ಎಂದು ಮೇಲೆ ಹೋದ ಮೇಲೆ ಲ್ಯಾಕ್ಲನ್ ಏನೆನ್ನುತ್ತಾನೆ, ಇನ್ನು ಸ್ವಲ್ಪ ಹೊತ್ತು, ಇವನೇ ತಿರುಗಿ ಕರೆದೊಯ್ಯುತ್ತಾನೆ, ಮಹ್ರೂಸ್ ಯಾವತ್ತೂ ಸರಿಯಾದ ಹೊತ್ತಿಗೆ ತಿರುಗುತ್ತಿದ್ದ — ಅಂಗೈ ಚಪ್ಪಟೆ ಮಾಡಿ ಆಚೆ ಈಚೆ ಅಲ್ಲಾಡಿಸಿದರೆ ಸಾಕಿತ್ತು, ಸರಿಯಿಲ್ಲ ಎಂದರ್ಥ, ಮೊದಲ ದಿನ ಕಲಿಸಿದ್ದು ಅದು, ಅವಳ ಕೈ ಎದ್ದಿತು, ಹೆಬ್ಬೆರಳು ಹೋಗಿ ತೋರುಬೆರಳನ್ನು ಮುಟ್ಟಿತು, ಉಂಗುರ, ಎಲ್ಲಾ ಸರಿಯಿದೆ. ಮರ್ಡೊ ಒಂದು ಗಳಿಗೆ ಅವಳನ್ನೇ ನೋಡಿದ, ಗಾಜಿನ ಹಿಂದೆ ಬಿಳಿ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು, ಗೇಜನ್ನೇ ಎಳೆದು ನೋಡಬಹುದಿತ್ತು, ನೋಡಲಿಲ್ಲ, ದೊಡ್ಡವಳನ್ನು ಹಾಗೆ ಪರೀಕ್ಷೆ ಮಾಡುವುದು ಅವನಿಗೆ ಸಭ್ಯತೆಯಲ್ಲ, ಬಾಯಿತುಂಬ ಹತ್ತಿ ತುಂಬಿಕೊಂಡು ಕೂತವರ ಕೈಸನ್ನೆಯನ್ನು ನಂಬಿಯೇ ಬದುಕು ಕಳೆದವನು, ಅವನೂ ಉಂಗುರ ಮಾಡಿ ತೋರಿಸಿದ.

ಆಮೇಲಿನದು ತುಂಡು ತುಂಡು — ಎಳೆದರೆ ಉಸಿರು ಬರುವುದಿಲ್ಲ, ದಪ್ಪ ಹಾಲು ಹೀರಿದಂತೆ ಸ್ವಲ್ಪ ಬಂದು ನಿಲ್ಲುತ್ತದೆ, ಅವಳು ಅವನ ಮೈಮೇಲೆ ಬೀಳುತ್ತಾಳೆ, ಅವನ ಕೈ ಅವನದೇ ಎರಡನೆಯ ಬಾಯಿಕೊಳವೆಯನ್ನು ಅವಳ ಹಲ್ಲಿಗೆ ಸೇರಿಸುತ್ತದೆ, ಗಾಳಿ, ದೇವರೇ ಗಾಳಿ, ನಿಧಾನ ಎಂದು ಕೈ ತೋರಿಸುತ್ತಾನೆ, ಕಣ್ಣಲ್ಲಿ ಕಣ್ಣಿಟ್ಟು, ನಿಧಾನ, ಅವಳ ಕಾಲು ಕೇಳುವುದಿಲ್ಲ, ಬೆಳಕಿನ ಕಡೆಗೆ ಒದೆಯುತ್ತದೆ, ಅವಳನ್ನು ಬಿಟ್ಟುಬಿಟ್ಟಿದ್ದರೆ ಅವನು ತನ್ನ ಪಾಡಿಗೆ, ಗುಳ್ಳೆ ಕಟ್ಟದ ಹಾಗೆ, ನಿಂತು ನಿಂತು ಬರಬಹುದಿತ್ತು, ಅವಳ ಜೊತೆ ಇಳಿಯುವ ಮೊದಲೇ ಒಮ್ಮೆ ಲ್ಯಾಕ್ಲನ್ ಜೊತೆ ಇನ್ನೂ ಆಳಕ್ಕೆ ಹೋಗಿ ಬಂದಿದ್ದವನು, ರಕ್ತದಲ್ಲಿ ಆಗಲೇ ಆ ಆಳದ ಗಾಳಿಯ ಭಾರ ಹೊತ್ತವನು, ಬಿಡಲಿಲ್ಲ, ಅವಳ ಭುಜದ ಪಟ್ಟಿ ಹಿಡಿದುಕೊಂಡೇ ಜೊತೆಗೆ ಬಂದ, ಬೆಂಡಿನಂತೆ ಇಬ್ಬರೂ ಮೇಲೆ ಚಿಮ್ಮಿದರು, ಅವಳಿಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ, ಮೂಗಿನಲ್ಲಿ ಎರಡು ಹನಿ ರಕ್ತ, ಅಷ್ಟೇ. ನೀರಿನಿಂದ ದೋಣಿಗೆ ಎತ್ತುವ ಲಿಫ್ಟಿನಲ್ಲಿ ಮೇಲೆ ಬಂದವನು ಮೊದಲು ಕೇಳಿದ್ದು, ಸರಿಯಾಗಿದ್ದೀಯಾ ಮಗಳೇ, ಆಮೇಲೆ ಬೆಂಚಿಗೆ ನಡೆಯಲು ಹೋಗಿ ಎಡಗಾಲು ಮಡಚಿಕೊಂಡು ಬಿದ್ದ. ರೇಡಿಯೊದಲ್ಲಿ ಡಾಕ್ಟರು ಒಂದೊಂದೇ ಕೇಳುತ್ತಿದ್ದರು, ಊನಾ ಚುಕ್ಕಾಣಿಯ ಬಾಗಿಲಿನಿಂದ ತಲೆ ಹೊರಗೆ ಹಾಕಿ, ಶೋನಾ, ನಿನ್ ಗಾಳಿ ಪೂರ್ತಿ ಮುಗಿಯೋ ತನಕ ಏನ್ ಮಾಡ್ತಿದ್ರಿ ಇಬ್ರೂ, ಮರ್ಡೊ ನಿನ್ನ ಗಾಳಿ ಎಷ್ಟಿದೆ ಅಂತ ಕೇಳ್ಲಿಲ್ವಾ, ಎಲ್ಲರ ಮುಖ ಅವಳ ಕಡೆಗೆ, ಕಂಬಳಿಯೊಳಗಿನ ಮುಖವೂ, ಅವಳು ಇಲ್ಲ ಎಂದಳು. ನೋಡು, ಬೆಳಗ್ಗೆಯಿಂದ ಬಾರದ ಮಾತು ಆಗ ಎಷ್ಟು ಸಲೀಸಾಗಿ ಬಂತು. ಇಲ್ಲ, ಕೇಳಲಿಲ್ಲ. ಊನಾ ಒಳಗೆ ಹೋಗಿ ಅದನ್ನೇ ರೇಡಿಯೊಗೆ ಹೇಳಿದಳು, ಲ್ಯಾಕ್ಲನ್ ಮುಖವಾಡ ಸರಿಮಾಡುತ್ತಾ, ಅಲ್ಲಯ್ಯಾ ಮರ್ಡೊ, ಇಷ್ಟು ವರ್ಷ ಎಲ್ಲರಿಗೂ ಪಾಠ ಹೇಳಿ ನೀನೇ ಮರೆತ್ಯಾ ಎಂದ, ಧ್ವನಿಯಲ್ಲಿ ನಗು ಇರಲಿಲ್ಲ, ಮರ್ಡೊ ಮುಖವಾಡ ಸ್ವಲ್ಪ ಎತ್ತಿ, ವಯಸ್ಸಾಯ್ತು ಬಿಡೋ, ಮರ್ತೋಯ್ತು ಅನ್ಸುತ್ತೆ ಎಂದ.

ಮರ್ತೋಯ್ತು ಅನ್ಸುತ್ತೆ. ಹೇಳಿ ಮತ್ತೆ ಮುಖವಾಡ ಇಟ್ಟುಕೊಂಡ, ಅವಳ ಕಡೆ ನೋಡಲೂ ಇಲ್ಲ, ನೋಡಿದ್ದರೆ ಸತ್ತೇ ಹೋಗುತ್ತಿದ್ದಳು — ಹೇಳುತ್ತೇನೆ, ಕಟ್ಟೆ ಬಂದ ಮೇಲೆ ಊನಾಳನ್ನು ಪಕ್ಕಕ್ಕೆ ಕರೆದು, ಬೇಡ, ಕಟ್ಟೆಯಲ್ಲಿ ಎಫಿ ಇರುತ್ತಾಳೆ, ಪ್ರತಿ ಶನಿವಾರ ನೀಲಿ ಮಳೆಕೋಟು ಹಾಕಿಕೊಂಡು ದೋಣಿ ಬರುವ ಹೊತ್ತಿಗೆ ನಿಂತಿರ್ತಾಳೆ, ನಾನು ಓಡಿಹೋಗ್ತೀನೇನೋ ಅಂತ ಎಂದು ಬೆಳಗ್ಗೆ ಮರ್ಡೊ ನಗುತ್ತಾ ಹೇಳಿದ್ದ, ಇಂದೂ ನಿಂತಿರುತ್ತಾಳೆ, ಆಂಬುಲೆನ್ಸ್ ನೋಡಿ ಎದೆ ಒಡೆದುಕೊಂಡು, ಅವಳಿಗೆ ಊನಾ ಹೇಳುತ್ತಾಳೆ, ಮರ್ಡೊ ಆ ಹುಡುಗಿಯ ಗಾಳಿ ಕೇಳೋದು ಮರೆತನಂತೆ, ನಾಳೆ ಇಡೀ ಓಬನ್ ಹೇಳುತ್ತದೆ, ಕಾಲು ಬಂದರೂ ಬರದಿದ್ದರೂ ಅವನು ಆ ಮಾತು ಹೊತ್ತುಕೊಂಡೇ ಇರಬೇಕು, ಇನ್ನು ಯಾರೂ ಅವನ ಜೊತೆ ನೀರಿಗೆ ಇಳಿಯುವುದಿಲ್ಲ, ಈಗಲೇ ಹೇಳಬೇಕು, ಇಲ್ಲೇ, ಲ್ಯಾಕ್ಲನ್ ಎದುರಿಗೇ — ಒಂದು ಉಸಿರು, ಮಗ್ಗನ್ನು ಕೆಳಗಿಟ್ಟಳು, ಬೆಂಚಿನ ಮೇಲೆ ಮತ್ತೆ ಒದ್ದೆ ಉಂಗುರ, ಒರೆಸಲಿಲ್ಲ, ಅಗೋ ಚರ್ಚಿನ ಗೋಪುರ, ಬಿಳಿ ಮನೆಗಳ ಸಾಲು, ಇಂಜಿನ್ನಿನ ಸದ್ದು ತಗ್ಗುತ್ತಿದೆ, ಮರ್ಡೊ ತಲೆ ಹೊರಳಿಸಿದ್ದಾನೆ, ಅವಳನ್ನೇ ನೋಡುತ್ತಿದ್ದಾನೆ, ಕಂಬಳಿಯ ಅಂಚಿನಿಂದ ಕೈ ಹೊರಗೆ ಬರುತ್ತದೆ, ಹೆಬ್ಬೆರಳು ತೋರುಬೆರಳನ್ನು ಹುಡುಕುತ್ತದೆ, ಜೋಮು ಹಿಡಿದ ತುದಿ, ಒಮ್ಮೆ ತಪ್ಪುತ್ತದೆ, ಮತ್ತೆ ಸಿಗುತ್ತದೆ, ಉಂಗುರ, ಸರಿಯಾಗಿದ್ದೀಯಾ ಎಂದು ಕೇಳುತ್ತಿದ್ದಾನೆ, ಇವನು, ನನ್ನನ್ನು, ಕೇಳಿದರೆ ಉತ್ತರ ಕೊಡಲೇಬೇಕು, ನೀರಿನ ನಿಯಮ ಅದು, ಬಾಯಿ ಬೇಡ, ಅಂಗೈ ಚಪ್ಪಟೆ ಮಾಡು, ಅಲ್ಲಾಡಿಸು, ಸರಿಯಿಲ್ಲ, ಏನೂ ಸರಿಯಿಲ್ಲ, ನೀವು ಕೇಳಿದ್ದಿರಿ, ಲ್ಯಾಕ್ಲನ್ ನೋಡುತ್ತಿದ್ದಾನೆ, ಊನಾ ಕೂಡ, ಕೈ ಏಳುತ್ತದೆ, ಬೆರಳು ಬಿಚ್ಚಿಕೊಂಡಿವೆ, ಚಪ್ಪಟೆ, ಇನ್ನೇನು, ಇನ್ನೇನು — ಹೆಬ್ಬೆರಳು ತಾನಾಗಿ ಹೋಗಿ ತೋರುಬೆರಳನ್ನು ಮುಟ್ಟುತ್ತದೆ, ಮರ್ಡೊ ನಂಬಿ ಕಣ್ಣು ಮುಚ್ಚುತ್ತಾನೆ, ಕೈ ಅಲ್ಲೇ ನಿಂತಿದೆ, ಬಿಡಿಸಲು ಬರುತ್ತಿಲ್ಲ, ಉಂಗುರ, ಉಂಗುರದೊಳಗೆ ಕಟ್ಟೆ, ಕಟ್ಟೆಯ ಮೇಲೆ ನೀಲಿ ಮಳೆಕೋಟು, ಉಂಗುರ