ಪಾರ್ಟಿಷನ್ ಅಂದ್ರೆ ಪಾಲು

ಲೇ, ವಾಟ್ಸಾಪ್ ಗ್ರೂಪಿನಲ್ಲಿ ಕುಂತು ಈ ಮುದುಕಂಗೆ ಅರಳುಮರಳು ಅಂತ ನಗ್ತೀರಲ್ಲ, ನಿನ್ನೆ ಏನು ಉಂಡ್ರಿ ಅಂತ ನಿಮಗೆ ನೆನಪೈತಾ? ಬಾಯಿ ಮುಚ್ಕಂಡು ಕೇಳ್ರಿ.

ಹಿರೇಗುಂಟನೂರಿನ ಕೊಟ್ರಮ್ಮನಿಗೆ ಇಬ್ಬರು ಗಂಡುಮಕ್ಕಳು, ಅಜ್ಜಪ್ಪ ಮತ್ತು ತಿಪ್ಪೇಶ್. ಒಂದೇ ಮನೆ, ಒಂದೇ ಅಡುಗೆ. ಅಜ್ಜಪ್ಪನ ಹೆಂಡತಿ ಯಮುನಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಟಿವಿ ಗದ್ದಲಕ್ಕೆ ಅತ್ತೆಗೆ ನಿದ್ದೆಯಿಲ್ಲವೆಂದು ಅವಳೇ ಒಂದು ದಿನ ಊಟದ ಹೊತ್ತಿಗೆ ಹೇಳಿದಳು: "ಈ ಹಾಲ್‌ನಲ್ಲಿ ಒಂದು ಪಾರ್ಟಿಷನ್ ಮಾಡಿಸೋಣ."

ಕೊಟ್ರಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ಮಾತನ್ನು ಅವಳು ಕೇಳಿದ್ದು ಚಿತ್ರದುರ್ಗದ ಕೋರ್ಟಿನಲ್ಲಿ, ಆಸ್ತಿ ಪಾಲಿನ ಕೇಸಿನಲ್ಲಿ ಮಾತ್ರ. ಅಲ್ಲಿಂದಾಚೆ ಅವಳ ಗಂಡ ಮತ್ತು ಮೈದುನ ಸಾಯುವವರೆಗೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅಯ್ಯೋ ಅತ್ತೆ, ಅದಲ್ಲ. ಲ್ಯಾಟಿನ್ನಿಂದ ಬಂದ ಮಾತದು. ಪಾರ್ಟ್ ಅಂದ್ರೆ ಭಾಗ. ಅಡ್ಡ ನಿಲ್ಸೋ ಹಲಗೆಗೂ ಹಂಗೇ ಅಂತಾರೆ."

"ಭಾಗ ಅಂತ ನಿನ್ ಬಾಯಲ್ಲೇ ಬಂತಲ್ಲವ್ವ! ಹೊಲ ಮನೆ ಬಿಡು. ನಾನು ಯಾರ ಪಾಲಿಗೆ?"

ತಿಪ್ಪೇಶ್ ನಕ್ಕ. "ಅರ್ಧ ಅಣ್ಣಂಗೆ, ಅರ್ಧ ನಂಗೆ. ಆಯ್ತೇನವ್ವ?"

ಮುದುಕಿ ನಗಲಿಲ್ಲ. "ಆಗ್ಲಪ್ಪ" ಎಂದಳು.

ಬಡಗಿ ಪ್ಲೈವುಡ್ ನಿಲ್ಲಿಸಿ ಹೋದ ಮಧ್ಯಾಹ್ನ ಯಮುನಾ ಅತ್ತೆಗೆ ಕಾಫಿ ಒಯ್ದಳು. ಮುಟ್ಟಿದರೆ ಅತ್ತೆಯ ಎಡಗೈ ತಣ್ಣಗೆ ಕೊರೆಯುತ್ತಿತ್ತು. "ಯಮುನಾ, ನಂಗೆ ನೀರು..." ಎಂದು ಮುದುಕಿಯ ತುಟಿ ನಿಂತಿತು. ಹಲಗೆಯ ಆಚೆಯಿಂದ ಅದೇ ದನಿ ಮುಗಿಸಿತು: "...ಕೊಡವ್ವ."

ಯಮುನಾ ಸುತ್ತಿಬಂದು ನೋಡಿದಳು. ಆಚೆ ಯಾರೂ ಇಲ್ಲ. ಕೊಟ್ರಮ್ಮನ ಉಸಿರಿನ ಸದ್ದು ಮಾತ್ರ ಇತ್ತು.

ಡಾಕ್ಟರು ಲಕ್ವ ಅಲ್ಲವೆಂದರು. ಆದರೆ ಮುದುಕಿ ಊಟ ಬಿಟ್ಟಳು, ಈಚೆ ಆಡುವ ಮಾತು ದಿನಕ್ಕಿಷ್ಟು ಕಮ್ಮಿಯಾಯಿತು, ಆಚೆ ಜಾಸ್ತಿಯಾಯಿತು. ಹೀಗೇ ಬಿಟ್ಟರೆ ಅತ್ತೆ ಉಳಿಯುವುದಿಲ್ಲ ಎಂದು ಯಮುನಾಗೆ ಗೊತ್ತಾಯಿತು. ಹಾರೆ ತಂದು ತಾನೇ ಹಲಗೆ ಕಿತ್ತಳು. ಅತ್ತೆಯ ಕೈ ಆಗಲೂ ತಣ್ಣಗೇ ಇತ್ತು. ಬಾಗಿಲಲ್ಲಿ ನಿಂತಿದ್ದ ಅಣ್ಣತಮ್ಮಂದಿರ ಕಡೆ ತಿರುಗಿದಳು.

"ಏನ್ ನೋಡ್ತೀರಿ? ಕುಂತ್ಕಳ್ರಿ ಇಬ್ರೂ, ಅವ್ವನ ಆಕಡೆ ಒಬ್ರು ಈಕಡೆ ಒಬ್ರು! ಅವ್ವನ್ನ ಪಾಲು ಮಾಡಲ್ಲ ಅನ್ರಿ!"

ಇಬ್ಬರೂ ಅಂದರು. ಎಡಗೈ ಮೆಲ್ಲಗೆ ಬೆಚ್ಚಗಾಯಿತು. "ಹಸಿವಾಗೈತೆ ಕಣ್ರೋ" ಎಂದಳು ಕೊಟ್ರಮ್ಮ, ಇಡೀ ಮಾತು ಒಂದೇ ಬಾಯಲ್ಲಿ.

ಅಷ್ಟರಲ್ಲಿ ತಿಪ್ಪೇಶನ ಫೋನು ಬಡಿದುಕೊಂಡಿತು. ಎದ್ದು ಬಾಗಿಲು ದಾಟಿದ. "ಎಲ್ಲಿಗೆ..." ಎಂದು ಮುದುಕಿಯ ಬಾಯಿ ತೆರೆದೇ ಉಳಿಯಿತು. ಉಳಿದದ್ದು ಅಂಗಳದಲ್ಲಿ, ಅವನ ಬೆನ್ನ ಹಿಂದೆ ಕೇಳಿತು: "...ಹೊಂಟ್ಯಪ್ಪ?"

ಈಗ ಅಣ್ಣತಮ್ಮ ಹೊಲಕ್ಕೆ ಹೋದರೂ ಅವ್ವನನ್ನು ನಡುವೆ ಕೂರಿಸಿಕೊಂಡೇ ಟ್ರ್ಯಾಕ್ಟರ್ ಹತ್ತುತ್ತಾರೆ.

ಕೇಳಿ ಸುಮ್ನಾಗಬ್ಯಾಡ್ರಿ. ನಿಮ್ ನಿಮ್ ಅಣ್ಣತಮ್ಮಂದಿರಿಗೂ ಇದನ್ನ ಕಳಿಸ್ರಿ, ಮಾತು ಬಿಟ್ಟೋರಿಗೆ ಮೊದಲು ಕಳಿಸ್ರಿ.