ಕೈಯಲ್ಲಿಲ್ಲದ ಕಮಲ

ನಾನು ಒಂದು ಪೆನ್ಸಿಲ್ ಚಿತ್ರ. ೧೯೫೩ರ ಒಂದು ಭಾನುವಾರ ಬೆಳಿಗ್ಗೆ, ಮೈಸೂರಿನ ವಕೀಲರೊಬ್ಬರ ತೋಟದಲ್ಲಿ, ಡ್ರಾಯಿಂಗ್ ಮೇಷ್ಟ್ರು ಕೃಷ್ಣೋಜಿರಾಯರ ಮೊಣಕಾಲ ಮೇಲೆ ಹುಟ್ಟಿದೆ. ಎದುರಿಗೆ ಅಮೃತಶಿಲೆಯ ಹುಡುಗಿಯೊಬ್ಬಳ ವಿಗ್ರಹ. ಅವಳ ಪಾದ, ಸೆರಗು, ಬಾಗಿದ ಕತ್ತು ಎಲ್ಲವನ್ನೂ ರಾಯರು ಕಂಡ ಹಾಗೇ ಬರೆದರು. ಚಾಚಿದ ಬಲಗೈ ಮಾತ್ರ ಕಾಣುತ್ತಿರಲಿಲ್ಲ. ತೋಟ ನೋಡಿಕೊಳ್ಳುತ್ತಿದ್ದ ಮಾದಮ್ಮ ಅದರ ಮೇಲೆ ಒದ್ದೆ ಟವಲು ಒಣಹಾಕಿದ್ದಳು.

ತೆಗೆಯಮ್ಮ ಎಂದಿದ್ದರೆ ಸಾಕಾಗಿತ್ತು. ರಾಯರದು ವಿಪರೀತ ಸಂಕೋಚ. ಎರಡು ಸಲ ಬಾಯಿ ತೆರೆದರು, ಮುಚ್ಚಿಕೊಂಡರು. ಕೊನೆಗೆ ಆ ಕೈಗೊಂದು ಕಮಲ ಕೊಟ್ಟುಬಿಟ್ಟರು.

ವಕೀಲರು ಬಂಗಲೆಯನ್ನು ಆಗಷ್ಟೇ ಕೊಂಡಿದ್ದರು; ಮುಂದೆಯೂ ತೋಟಕ್ಕೆ ಇಳಿದವರೇ ಅಲ್ಲ. ನನ್ನನ್ನು ಮೆಚ್ಚಿ, ಕಟ್ಟು ಹಾಕಿಸಿ, ಹಜಾರದ ಗೋಡೆಗೇರಿಸಿದರು. ಬಂದವರು ಹೊಗಳುವಾಗಲೆಲ್ಲ ಕಮಲವಿದ್ದ ನನ್ನ ಮೂಲೆ ಉರಿಯುತ್ತಿತ್ತು.

ಆರು ವರ್ಷದ ನಂತರ ಮರದ ಕೊಂಬೆ ಬಿದ್ದು ವಿಗ್ರಹದ ಕೈ ಪುಡಿಯಾಯಿತು. ಹೊಸ ಕೈ ಕೆತ್ತಲು ಬಂದ ಶಿಲ್ಪಿ ಮಾದರಿ ಕೇಳಿದ. ಮಾದಮ್ಮ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ನನ್ನನ್ನೇ ಇಳಿಸಿದರು, ರಾಯರಿಗೂ ಹೇಳಿ ಕಳಿಸಿದರು.

"ಕೈ ಹೀಗೇ ಇತ್ತಾ, ಮೇಷ್ಟ್ರೇ?" ವಕೀಲರು ಕೇಳಿದರು.

ರಾಯರ ಹೆಬ್ಬೆರಳಿನ ಬೆವರು ನನ್ನ ಗಾಜಿಗೆ ಅಂಟಿತು. "ಹೌದು" ಎಂದರು. ಸಾಕ್ಷಿಗೆ ನಾನಿದ್ದೆ.

ಮಾದಮ್ಮ ಹಿಂತಿರುಗುವಷ್ಟರಲ್ಲಿ ಕಲ್ಲಿನ ಕಮಲ ಕೂತಾಗಿತ್ತು. ಕೆಲಸ ನೋಡಲು ಬಂದಿದ್ದ ರಾಯರಿಗೆ ಅವಳು ಮೆಲ್ಲಗೆ ಹೇಳಿದಳು: "ಹೂವೆಲ್ಲಿತ್ತು ಮೇಷ್ಟ್ರೇ? ಬರೀ ಅಂಗೈ, ಗುಳಿಯಂಗಿತ್ತು. ದಿನಾ ಒಂದಿಷ್ಟು ನೀರು ಹುಯ್ತಿದ್ದೆ, ಗುಬ್ಬಿಗಳು ಕುಡ್ಕೊಂಡು ಹೋಗವು."

"ಅವತ್ತು ನಿನ್ನ ಟವಲು ಇತ್ತಮ್ಮ."

"ಒಂದ್ಮಾತು ಅಂದಿದ್ರೆ ತೆಗೀತಿದ್ನಲ್ಲ."

ರಾಯರು ಅಲ್ಲಿಂದಲೇ ವಕೀಲರ ಬಳಿಗೆ ಹೋಗಿ ನಿಜ ಹೇಳಿದರು. ಅವರು ನಕ್ಕುಬಿಟ್ಟರು. ಹೂವು ಚೆನ್ನಾಗಿದೆ, ಇರಲಿ ಎಂದರು. ರಾಯರು ನನ್ನನ್ನಾದರೂ ಕೊಡಿ ಎಂದು ಬೇಡಿ ಮನೆಗೆ ತಂದರು. ಕಟ್ಟು ಬಿಚ್ಚಿ, ರಬ್ಬರಿನಿಂದ ಕಮಲವನ್ನು ಉಜ್ಜಿ ಉಜ್ಜಿ, ಅಲ್ಲಿ ಬರಿಗೈ ಬರೆದರು. ನನ್ನ ಮೈ ಅಲ್ಲಿ ಸವೆದು ತೆಳ್ಳಗಾಯಿತು.

ಈಗ ನಾನು ಟ್ರಂಕಿನ ತಳದಲ್ಲಿದ್ದೇನೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಂಗೈಯೊಳಗೆ ಕಮಲದ ಗೆರೆಗಳು ಇನ್ನೂ ಕಾಣುತ್ತವೆ. ನನ್ನ ಮಾತು ನಂಬಿದ ಕಲ್ಲು ಮಾತ್ರ ಅಲ್ಲಿ ಹೂ ಹಿಡಿದೇ ನಿಂತಿದೆ.

ನನ್ನ ಕೆಳಗಿನ ಅಂಚಿನಲ್ಲಿ, ವಿಗ್ರಹದ ಕಾಲ ಬಳಿ, ನೀರು ತುಂಬಿದ ಒಂದು ಕರಟವಿದೆ. ಗುಬ್ಬಿಗಳಿಗೆಂದು ಮಾದಮ್ಮ ಇಟ್ಟದ್ದು. ರಾಯರು ಇನ್ನೊಂದು ಭಾನುವಾರ ನನ್ನನ್ನು ತೋಟಕ್ಕೆ ಒಯ್ದು ಅದನ್ನು ಸೇರಿಸಿದರು. ಕರಟ ಇಲ್ಲೇ ಇರುತ್ತಾ, ಬರೆಯಲಾ ಎಂದು ಮೊದಲು ಅವಳನ್ನು ಕೇಳಿದರು. ನನ್ನ ಮೈಮೇಲಿರುವುದರಲ್ಲಿ ಕೇಳಿ ಬರೆದದ್ದು ಅದೊಂದೇ.